ನಿವೃತ್ತರಿಗೆ ಯಾವ ವಿಮಾನ ಕಂಪನಿ ಸರಿ? ಪಾಯಿಂಟ್ ಕೂಡಿಡುವುದರಿಂದ ನಮಗೆ ಲಾಭ ಇದೆಯಾ?

ಅಪ್ಪನಕೆರೆ_ಮೇಷ್ಟ್ರು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನನಗೆ 64, ಮನೆಯವರಿಗೆ 61. ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದೆ, ನಿವೃತ್ತಿಯಾಗಿ ನಾಲ್ಕು ವರ್ಷ ಆಯಿತು. ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ, ಮಗ ದಿಲ್ಲಿ ಹತ್ತಿರ ಗುರುಗ್ರಾಮದಲ್ಲಿ. ಹೀಗಾಗಿ ವರ್ಷಕ್ಕೆ ಒಂದೆರಡು ಸಲ ದಿಲ್ಲಿ, ಎರಡು ವರ್ಷಕ್ಕೊಮ್ಮೆ ಅಮೆರಿಕ, ಇದು ನಮ್ಮ ಓಡಾಟ.

ಮೊದಲು ದಿಲ್ಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲೇ ಹೋಗುತ್ತಿದ್ದೆವು, ಇಲ್ಲೇ ಹತ್ತಿದರೆ ಅಲ್ಲೇ ಇಳಿಯುವುದು. ಆದರೆ ಒಂದು ಹಗಲು ಒಂದು ರಾತ್ರಿಗಿಂತ ಜಾಸ್ತಿ ಹಿಡಿಯುತ್ತದೆ, ಮನೆಯವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಅಷ್ಟು ಹೊತ್ತು ಕೂರುವುದು ಕಷ್ಟ. ಹಿರಿಯರಿಗೆ ರೈಲಿನಲ್ಲಿ ಇದ್ದ ರಿಯಾಯಿತಿಯೂ 2020ರ ಮಾರ್ಚ್‌ನಲ್ಲಿ ನಿಂತಿತು. ಗಂಡಸರಿಗೆ ಶೇ 40, ಹೆಣ್ಣುಮಕ್ಕಳಿಗೆ ಶೇ 50 ಸಿಗುತ್ತಿತ್ತು. ಅದು ಹೋದ ಮೇಲೆ ಎಸಿ ರೈಲಿಗೂ ವಿಮಾನಕ್ಕೂ ಇದ್ದ ಅಂತರ ಕಡಿಮೆ ಆಯಿತು.

ಇಲ್ಲಿಯವರೆಗೆ ಯಾವುದು ಅಗ್ಗವೋ ಅದನ್ನೇ ತೆಗೆಸಿದ್ದೇನೆ. ಪರಿಣಾಮ ಏನಂದರೆ ನಾಲ್ಕು ಕಂಪನಿಗಳಲ್ಲಿ ಸದಸ್ಯತ್ವ ಇದೆ, ಪಾಸ್‌ವರ್ಡೆಲ್ಲ ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಹಾರಿದಷ್ಟಕ್ಕೆ ಕಂಪನಿ ಕೊಡುವ ಪಾಯಿಂಟ್ (ಕೆಲವರು ಮೈಲು ಅನ್ನುತ್ತಾರೆ) ಮಾತ್ರ ಎಲ್ಲ ಕಡೆ ಚೂರುಪಾರು. ಹೋದ ತಿಂಗಳು ಒಂದು ಕಂಪನಿಯಿಂದ ಮೇಲ್ ಬಂತು, ನಿಮ್ಮ ಮೈಲುಗಳ ಅವಧಿ ಮುಗಿಯುತ್ತಿದೆ ಅಂತ. ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ, ಸುಮ್ನೆ ಹೋಯಿತು. ಅಳಿಯಂದಿರು ಹೇಳುತ್ತಾರೆ, ಒಂದೇ ಕಂಪನಿ ಹಿಡಿದುಕೊಂಡಿದ್ದರೆ ಇಷ್ಟೊತ್ತಿಗೆ ಒಂದು ಟಿಕೆಟ್ ಪುಕ್ಕಟೆ ಬರುತ್ತಿತ್ತು ಅಂತ.

ನನ್ನ ಪ್ರಶ್ನೆ ಇಷ್ಟು. ನಮ್ಮಂಥ ಪಿಂಚಣಿದಾರರು ಒಂದೇ ಕಂಪನಿಗೆ ಅಂಟಿಕೊಳ್ಳಬೇಕಾ? ಹೌದಾದರೆ ಯಾವುದು? ಹೈದರಾಬಾದ್‌ನಿಂದ ಹೋಗುವುದು ಒಳ್ಳೆಯದೋ ಬೆಂಗಳೂರಿನಿಂದಲೋ? ಪಾಯಿಂಟ್ ಬರುವ ಕ್ರೆಡಿಟ್ ಕಾರ್ಡ್ ತೊಗೊಳ್ಳಿ ಅಂತ ಬ್ಯಾಂಕಿನವರು ಫೋನ್ ಮಾಡುತ್ತಲೇ ಇರುತ್ತಾರೆ, ಅದು ಬೇಕಾ? ಶರಣಬಸವೇಶ್ವರ ಜಾತ್ರೆ ಮುಗಿಸಿಕೊಂಡು, ಬಿಸಿಲು ಏರುವ ಮೊದಲೇ ಮಗಳ ಹತ್ತಿರ ಹೋಗಬೇಕು ಅಂತ ಇದ್ದೇವೆ. ಅನುಭವ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

ಬೀದರ್_ಕೋಟೆ

ನಮಸ್ಕಾರ್ರೀ ಗುರುಗಳೇ. ನಾನೂ ನಿವೃತ್ತ, ಬ್ಯಾಂಕಿನಲ್ಲಿದ್ದೆ. ಏಳೆಂಟು ಸಲ ಹೊರದೇಶಕ್ಕೆ ಹೋಗಿ ಬಂದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ದಾರಿ ಆರಿಸಿ, ಆಮೇಲೆ ಕಂಪನಿ, ಪಾಯಿಂಟ್ ಕಟ್ಟಕಡೆಗೆ. ನಾನು ಮೊದಲು ಇದನ್ನು ತಲೆಕೆಳಗು ಮಾಡಿದ್ದೆ. ಪಾಯಿಂಟ್ ಬರುತ್ತದೆ ಅಂತ ಎರಡು ಕಡೆ ವಿಮಾನ ಬದಲಿಸುವ ದಾರಿ ಹಿಡಿದು, ಮನೆಯಿಂದ ಮಗನ ಮನೆ ಮುಟ್ಟುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಬಿಪಿ ಗುಳಿಗೆಯ ಹೊತ್ತು ತಪ್ಪಿ ಮೈ ಪೂರ್ತಿ ಕೆಟ್ಟಿತ್ತು.

ನಿಮಗೆ ಹೈದರಾಬಾದೇ ಸರಿ. ಅಲ್ಲಿನ ಶಂಶಾಬಾದ್ ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತು, ಅವತ್ತಿನಿಂದ ನಮ್ಮ ಭಾಗದವರಿಗೆ ಅದೇ ಬಾಗಿಲು. ನಮಗೆ ಬೀದರ್‌ನಿಂದ ಜಹೀರಾಬಾದ್ ಮೇಲೆ ಹೋಗಿ ಹೊರವರ್ತುಲ ರಸ್ತೆ ಹಿಡಿದರೆ ಊರೊಳಗೆ ಹೋಗುವ ಪ್ರಮೇಯವೇ ಇಲ್ಲ. ನಿಮಗೂ ಹುಮನಾಬಾದ್ ಮೇಲೆ ಅದೇ ದಾರಿ. ಬೆಂಗಳೂರಿಗೆ ಹೋಗಲು ವಂದೇ ಭಾರತ್ ಇದೆ, ಉದ್ಯಾನ್ ಇದೆ, ಆದರೆ ಅಲ್ಲಿ ಇಳಿದ ಮೇಲೆ ದೇವನಹಳ್ಳಿಯವರೆಗೆ ಮತ್ತೆ ಪೆಟ್ಟಿಗೆ ಹೊತ್ತು ಹೋಗಬೇಕು. ಬೆಂಗಳೂರಿನಲ್ಲಿ ಬೀಗರೋ ಮಕ್ಕಳೋ ಇದ್ದು, ಅವರ ಮನೆಯಲ್ಲಿ ಎರಡು ದಿನ ಇದ್ದು ಹೋಗುವವರಿಗೆ ಮಾತ್ರ ಅದು ಸರಿ.

ನಮ್ಮೂರ ಸಣ್ಣ ನಿಲ್ದಾಣಗಳನ್ನು ನಂಬಿ ದೊಡ್ಡ ಪ್ರಯಾಣ ಹೊಂದಿಸಬೇಡಿ. ಇದು ನೋವಿನಿಂದಲೇ ಹೇಳುವ ಮಾತು. ನಿಮ್ಮ ಕಲಬುರಗಿಯ ಶ್ರೀನಿವಾಸ ಸರಡಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ, ನಮ್ಮ ಬೀದರ್‌ನದು 2020ರ ಫೆಬ್ರುವರಿಯಲ್ಲಿ ಶುರುವಾದವು. ಎರಡೂ ಕಡೆ ಉಡಾನ್, ಅಂದರೆ ಸಣ್ಣ ಊರುಗಳಿಗೆ ವಿಮಾನ ತರುವ ಸರ್ಕಾರದ ಯೋಜನೆ. ಅದರಲ್ಲಿ ಒಂದು ಮಾರ್ಗಕ್ಕೆ ಸರ್ಕಾರ ನಷ್ಟ ತುಂಬಿಕೊಡುವುದು ಮೂರು ವರ್ಷ. ಆಮೇಲೆ ಕಂಪನಿ ತನ್ನ ಕಾಲ ಮೇಲೆ ನಿಲ್ಲಬೇಕು, ಆಗದಿದ್ದರೆ ಹಾರಾಟ ನಿಲ್ಲುತ್ತದೆ. ನಮ್ಮಲ್ಲಿ ವಿಮಾನ ಬಂತು, ನಿಂತಿತು, ಮತ್ತೆ ಬಂತು. ಇದ್ದಾಗ ಬೆಂಗಳೂರಿಗೆ ಹೋಗಲು ಖಂಡಿತ ಬಳಸಿ, ಜನ ಹತ್ತಿದರೆ ತಾನೇ ಅದು ಉಳಿಯುವುದು. ಆದರೆ ಅಮೆರಿಕದ ವಿಮಾನಕ್ಕೆ ಅದನ್ನು ಕೊಂಡಿ ಮಾಡಬೇಡಿ.

ಇನ್ನು ಪಾಯಿಂಟ್. ನಾನು ಬ್ಯಾಂಕಿನವನಾಗಿ ಹೇಳುವುದು, ಪಾಯಿಂಟ್ ಠೇವಣಿ ಅಲ್ಲ. ಬಡ್ಡಿ ಇಲ್ಲ, ವಿಮೆ ಇಲ್ಲ, ಅದರ ಬೆಲೆ ಎಷ್ಟು ಅಂತ ಯಾವಾಗ ಬೇಕಾದರೂ ಕಂಪನಿ ಬದಲಿಸಬಹುದು. ಕಿಂಗ್‌ಫಿಶರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ. ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ಸೇರಿತು, ಅದರ ಪಾಯಿಂಟ್‌ಗಳು ಏರ್ ಇಂಡಿಯಾದ ಸದಸ್ಯತ್ವ ಯೋಜನೆ ಮಹಾರಾಜ ಕ್ಲಬ್‌ಗೆ ಬಂದವು. ಇಲ್ಲಿ ಏನೋ ಬಂದವು. ಎಲ್ಲ ಸಲ ಹಾಗೆ ಆಗುವುದಿಲ್ಲ.

ಹಾಗಂತ ಸದಸ್ಯತ್ವವೇ ಬೇಡ ಅನ್ನುತ್ತಿಲ್ಲ. ಅದು ಪುಕ್ಕಟೆ, ಮಾಡಿಸಿ. ಆದರೆ ಕಂಪನಿ ನೋಡಬೇಡಿ, ಕೂಟ ನೋಡಿ, ಅಂದರೆ ಹಲವು ವಿಮಾನ ಕಂಪನಿಗಳು ಸೇರಿ ಮಾಡಿಕೊಂಡ ಗುಂಪು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ. ಲುಫ್ತಾನ್ಸಾ, ಯುನೈಟೆಡ್, ಸಿಂಗಪುರ ಏರ್‌ಲೈನ್ಸ್ ಎಲ್ಲ ಅದರಲ್ಲೇ ಇವೆ. ಅಂದರೆ ಈ ಸಲ ಲುಫ್ತಾನ್ಸಾದಲ್ಲಿ ಹೋದರೂ ನಿಮ್ಮ ಏರ್ ಇಂಡಿಯಾ ಸದಸ್ಯ ಸಂಖ್ಯೆ ಕೊಟ್ಟರೆ ಪಾಯಿಂಟ್ ಅಲ್ಲಿಗೇ ಸೇರುತ್ತದೆ. ಕತಾರ್ ಮತ್ತು ಬ್ರಿಟಿಷ್ ಏರ್‌ವೇಸ್ ಒನ್‌ವರ್ಲ್ಡ್ ಕೂಟದವು. ಎಮಿರೇಟ್ಸ್ ಯಾವ ಕೂಟದಲ್ಲೂ ಇಲ್ಲ, ಇಂಡಿಗೋ ಕೂಡ ಇಲ್ಲ. ನಿಮ್ಮದು ದಿಲ್ಲಿ ಮತ್ತು ಅಮೆರಿಕ ಎರಡೇ ಆದ್ದರಿಂದ ಸ್ಟಾರ್ ಅಲಯನ್ಸ್‌ನ ಒಂದೇ ಖಾತೆ ಎರಡಕ್ಕೂ ಆಗುತ್ತದೆ. ಉಳಿದ ಮೂರರ ಚಿಂತೆ ಬಿಟ್ಟುಬಿಡಿ.

ಗುರುಮಠಕಲ್_ಅಕ್ಕ (ಯಾದಗಿರಿ ಜಿಲ್ಲೆ)

ಬೀದರ್ ಅಣ್ಣಾರು ದಾರಿ ಮೊದಲು ಅಂದಿದ್ದು ನೂರಕ್ಕೆ ನೂರು ನಿಜ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ, ಸರ್. ನಿಮ್ಮ ಮನೆಯವರ ಮೊಣಕಾಲು ಮೊದಲು. ನನ್ನ ಎರಡೂ ಮೊಣಕಾಲು ಆಪರೇಷನ್ ಆಗಿವೆ, ಅದಕ್ಕೇ ಇಷ್ಟು ಹೇಳುವುದು.

ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಹಾಕಿಸಿ. ಕೊನೆಗೆ ಹೊರಡುವ 48 ತಾಸು ಮೊದಲಾದರೂ ಕಂಪನಿಗೆ ಹೇಳಿರಬೇಕು. ಅದರಲ್ಲಿ ಮೂರು ಬಗೆ ಇದೆ, ಏಜೆಂಟರೇ ಎಷ್ಟೋ ಸಲ ಕೇಳುವುದಿಲ್ಲ. ಮೆಟ್ಟಿಲು ಹತ್ತಬಲ್ಲೆ, ದೂರ ನಡೆಯಲು ಆಗಲ್ಲ ಅನ್ನುವವರಿಗೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗಲ್ಲ ಅಂದರೆ ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೂ ಕರೆದುಕೊಂಡು ಹೋಗಬೇಕು ಅಂದರೆ ಡಬ್ಲ್ಯುಸಿಎಚ್‌ಸಿ. ನಿಮ್ಮ ಮನೆಯವರಿಗೆ ಎರಡನೆಯದು ಹಾಕಿಸಿ. ವಿಮಾನ ಗೇಟಿಗೆ ಬರದೆ ದೂರ ನಿಂತರೆ ಬಸ್ಸಿನಲ್ಲಿ ಹೋಗಿ ಏಣಿ ಹತ್ತಬೇಕಾಗುತ್ತದೆ. ಮೊದಲನೆಯದು ಹಾಕಿಸಿದವರನ್ನು ಆ ಏಣಿಯ ಬುಡದಲ್ಲಿ ಇಳಿಸುತ್ತಾರೆ. ನಿಜವಾಗಿ ಕಷ್ಟ ಇರುವವರು ಸಂಕೋಚ ಮಾಡಬಾರದು. ವೀಲ್‌ಚೇರ್ ತಳ್ಳುವವರು ಇಮಿಗ್ರೇಷನ್‌ವರೆಗೂ ಜೊತೆ ಇರುತ್ತಾರೆ, ಯಾವ ಸಾಲು ಎಲ್ಲಿಗೆ ಹೋಗುತ್ತದೆ ಅನ್ನುವ ಗಾಬರಿಯೇ ಇರಲ್ಲ.

ಎರಡನೇದು, ಮನೆಯಿಂದ ಮಗಳ ಊರಿನವರೆಗೆ ಒಂದೇ ಟಿಕೆಟ್ ಇರಬೇಕು. ಒಂದು ವರ್ಷ ನಮ್ಮ ಹುಡುಗ ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ತೆಗೆದ. ಹೈದರಾಬಾದ್‌ನಿಂದ ಹೊರಟದ್ದು ಮೂರು ತಾಸು ತಡ, ಅಲ್ಲಿ ಹೋಗುವಷ್ಟರಲ್ಲಿ ಎರಡನೇ ವಿಮಾನ ಹೋಗಿತ್ತು. ನಮ್ಮದು ಬೇರೆ ಕಂಪನಿ, ನಮಗೆ ಸಂಬಂಧ ಇಲ್ಲ ಅಂದರು. ಆ ರಾತ್ರಿ ನಾನು ಮತ್ತು ನಮ್ಮೆಜಮಾನರು ಕುರ್ಚಿ ಮೇಲೆ ಕೂತು ಕಳೆದದ್ದು, ಮರುದಿನ ಹೊಸ ಟಿಕೆಟ್‌ಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ಹೊಣೆ. ಬದಲಿಸುವ ಊರಿನಲ್ಲಿ ಮೂರು ತಾಸಾದರೂ ಬಿಡುವು ಇರಲಿ. ಒಂದು ತಾಸು ಹತ್ತು ನಿಮಿಷದ್ದನ್ನೂ ಮಾರುತ್ತಾರೆ, ಹುಡುಗರು ಓಡಿ ಹತ್ತುತ್ತಾರೆ, ನಮಗೆ ಅದು ಆಗಲ್ಲ.

ಭಾಷೆಯನ್ನೂ ಲೆಕ್ಕಕ್ಕೆ ತೊಗೊಳ್ಳಿ. ನಮ್ಮ ಕಡೆಯವರಿಗೆ ಉರ್ದು ಬರುತ್ತದೆ ಅಲ್ವಾ? ದುಬೈ, ದೋಹಾ ನಿಲ್ದಾಣಗಳಲ್ಲಿ ಅದು ಎಷ್ಟು ಉಪಕಾರ ಆಗುತ್ತದೆ ಅಂದರೆ ಹೇಳತೀರದು. ಕಸ ಗುಡಿಸುವವರಿಂದ ಕೌಂಟರಿನವರವರೆಗೆ ಯಾರಾದರೂ ಒಬ್ಬರು ಅರ್ಥ ಮಾಡಿಕೊಳ್ಳುತ್ತಾರೆ. ಫ್ರಾಂಕ್‌ಫರ್ಟ್‌ನಲ್ಲಿ ನನಗೆ ಹಾಗೆ ಅನಿಸಲಿಲ್ಲ. ಇಂಗ್ಲಿಷ್ ಸರಾಗ ಇರುವ ಗುರುಗಳಿಗೆ ತೊಂದರೆ ಇಲ್ಲ. ಆದರೆ ಮುಂದೆ ಎಂದಾದರೂ ಅಕ್ಕಾರು ಒಬ್ಬರೇ ಹೋಗುವುದಾದರೆ ಇದೇ ದೊಡ್ಡ ಕಾರಣ ಆಗುತ್ತದೆ. ಅಥವಾ ದಿಲ್ಲಿಯಿಂದ ನ್ಯೂಯಾರ್ಕ್ ಕಡೆಗೆ ನೇರ ವಿಮಾನ ಇದೆ. ಮಗನ ಮನೆ ಅಲ್ಲೇ ಗುರುಗ್ರಾಮದಲ್ಲಿದೆ ಅಂದಿರಿ, ನಾಲ್ಕು ದಿನ ಅಲ್ಲಿದ್ದು ದಣಿವಾರಿಸಿಕೊಂಡು ನೇರ ಹತ್ತಿಬಿಡಿ. ನಡುವೆ ಇಳಿದು ಹತ್ತುವ ಕಾಟವೇ ಇಲ್ಲ. ಮೊದಲ ವಿಮಾನ ತಡವಾದರೂ ನಾಲ್ಕು ದಿನದ ಬಿಡುವು ಇರುವುದರಿಂದ ನಾನು ಮೇಲೆ ಹೇಳಿದ ಎರಡು ಟಿಕೆಟ್ ಭಯವೂ ಇಲ್ಲ.

ಗುಳಿಗೆ ಎಲ್ಲ ಕೈಚೀಲದಲ್ಲಿ ಇರಲಿ, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ. ನಡುದಾರಿ ಪಕ್ಕದ ಸೀಟು ಹಿಡಿಯಿರಿ, ಎರಡು ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ಇಲ್ಲದಿದ್ದರೆ ಕಾಲು ಬಾತುಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಊಟಕ್ಕೆ ಏಷ್ಯನ್ ಸಸ್ಯಾಹಾರ ಅಂತ ಮೊದಲೇ ಹಾಕಿಸಿ. ಮೊಮ್ಮಕ್ಕಳಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವುದಿದ್ದರೆ ಅಮೆರಿಕದಲ್ಲಿ ಇಳಿದಾಗ ತಿನ್ನುವ ಸಾಮಾನು ಇದೆ ಅಂತ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಸೂಪರ್‌ಮಾರ್ಕೆಟ್_ಟಿಕೆಟ್ (ಕಲಬುರಗಿ)

ಸರ್, ನಾನು ಹನ್ನೆರಡು ವರ್ಷದಿಂದ ಇದೇ ಊರಲ್ಲಿ ಟಿಕೆಟ್ ಬುಕಿಂಗ್ ಮಾಡುತ್ತೇನೆ. ನಿಮ್ಮಂಥ ಹಿರಿಯರೇ ನನ್ನ ಹತ್ತಿರ ಜಾಸ್ತಿ ಬರುವುದು. ಮೇಲಿನ ಇಬ್ಬರೂ ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯ ಹೆಸರು. ನಮ್ಮ ಭಾಗದಲ್ಲಿ ಬಹಳ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಪೂರ್ತಿ ಹೆಸರು ಗಿವನ್ ನೇಮ್ ಜಾಗದಲ್ಲೇ. ಅಮೆರಿಕದ ವೀಸಾದಲ್ಲಿ ಅದೇ ಹೆಸರನ್ನು ಸರ್‌ನೇಮ್ ಮಾಡಿ, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕುತ್ತಾರೆ. ಟಿಕೆಟ್‌ನಲ್ಲಿ ಒಂದು ಥರ, ಸದಸ್ಯತ್ವದಲ್ಲಿ ಇನ್ನೊಂದು ಥರ ಇದ್ದರೆ ಪಾಯಿಂಟ್ ಜಮಾ ಆಗುವುದೇ ಇಲ್ಲ. ನನ್ನ ಗಿರಾಕಿಗಳಲ್ಲಿ ಎಷ್ಟೋ ಜನರಿಗೆ ಹೀಗಾಗಿದೆ. ಈಗಲೇ ಖಾತೆ ತೆರೆದು ನೋಡಿ, ಹೆಸರು ಸರಿ ಇಲ್ಲದಿದ್ದರೆ ಪಾಸ್‌ಪೋರ್ಟ್ ಪ್ರತಿ ಕಳಿಸಿ ತಿದ್ದಿಸಿ. ಆಗುವುದಾದರೆ ಪಾಸ್‌ಪೋರ್ಟ್ ನವೀಕರಿಸುವಾಗಲೇ ಸರ್‌ನೇಮ್ ಬಿಡಿಸಿ ಹಾಕಿಸಿಕೊಳ್ಳಿ. ಮನೆಗೆ ಬಂದು ಪಾಯಿಂಟ್ ಸೇರಿದೆಯಾ ಅಂತ ನೋಡುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ, ಸೇರದಿದ್ದರೆ ಅದನ್ನು ತೋರಿಸಿ ಕೇಳಬಹುದು.

ಹಿರಿಯರ ದರ ಏರ್ ಇಂಡಿಯಾ, ಇಂಡಿಗೋ ಎರಡರಲ್ಲೂ 60 ದಾಟಿದವರಿಗೆ ಇದೆ. ಆದರೆ ರಿಯಾಯಿತಿ ಮೂಲ ದರದ ಮೇಲೆ ಮಾತ್ರ. ತೆರಿಗೆ, ನಿಲ್ದಾಣದ ಶುಲ್ಕ ಹಾಗೇ ಇರುತ್ತವೆ. ಎಷ್ಟೋ ಸಲ ಮಾಮೂಲಿ ಕಡಿಮೆ ದರದ ಟಿಕೆಟೇ ಹಿರಿಯರ ದರಕ್ಕಿಂತ ಅಗ್ಗ ಬೀಳುತ್ತದೆ. ಎರಡನ್ನೂ ನೋಡಿಯೇ ತೊಗೊಳ್ಳಿ. ದಿನಾಂಕ ಬದಲಿಸಲು ಎಷ್ಟು, ರದ್ದು ಮಾಡಿದರೆ ಎಷ್ಟು ವಾಪಸ್ ಅನ್ನುವುದನ್ನೂ ಕೇಳಿ. ಈ ವಯಸ್ಸಿನಲ್ಲಿ ಹೊರಡುವ ಹಿಂದಿನ ವಾರ ಜ್ವರ ಬಂದರೂ ಪ್ರಯಾಣ ಮುಂದೂಡಬೇಕಾಗುತ್ತದೆ. ಬದಲಿಸಲು ಆಗುವ ಟಿಕೆಟಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಪಾಯಿಂಟಿನ ಬೆಲೆ ಕಂಡುಹಿಡಿಯುವುದು ಗಣಿತದ ಮೇಷ್ಟ್ರಿಗೆ ನಾನು ಹೇಳಬೇಕಾ, ಆದರೂ ಬೇರೆಯವರಿಗಾಗಿ ಬರೆಯುತ್ತೇನೆ. ದುಡ್ಡು ಕೊಟ್ಟರೆ ಟಿಕೆಟ್ ಎಷ್ಟು ನೋಡಿ. ಪಾಯಿಂಟ್ ಕೊಟ್ಟರೂ ತೆರಿಗೆ ಅಂತ ಕೈಯಿಂದ ಎಷ್ಟು ಕಟ್ಟಬೇಕು ನೋಡಿ. ಎರಡರ ವ್ಯತ್ಯಾಸವನ್ನು ಪಾಯಿಂಟಿನ ಸಂಖ್ಯೆಯಿಂದ ಭಾಗಿಸಿ. ಒಂದು ಪಾಯಿಂಟ್ ಎಷ್ಟು ಪೈಸೆ ಅಂತ ಬರುತ್ತದೆ. ಪುಕ್ಕಟೆ ಟಿಕೆಟ್ ಅನ್ನುವುದು ಪೂರ್ತಿ ಪುಕ್ಕಟೆ ಅಲ್ಲ ಅಂತ ಆಗ ತಿಳಿಯುತ್ತದೆ.

ಸದಸ್ಯತ್ವ ಯೋಜನೆಯಲ್ಲಿ ಪಾಯಿಂಟಿನ ಅವಧಿಯನ್ನೂ ನೋಡಿ. ಎಮಿರೇಟ್ಸ್‌ನ ಸ್ಕೈವರ್ಡ್ಸ್, ಸಿಂಗಪುರದ ಕ್ರಿಸ್‌ಫ್ಲೈಯರ್ ಎರಡರಲ್ಲೂ ಮೈಲು ಸುಮಾರು ಮೂರು ವರ್ಷ ಉಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಹೋಗುವವರಿಗೆ ಒಂದು ಪ್ರಯಾಣದ್ದು ಉಳಿದು, ಮುಂದಿನದು ಸೇರಿ, ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲಿನದು ಹೋಗಿರುತ್ತದೆ. ಗಂಡ ಹೆಂಡತಿ ಇಬ್ಬರದ್ದೂ ಒಂದೇ ಕಡೆ ಕೂಡಿಸುವ ಕುಟುಂಬ ಖಾತೆ ಕೆಲವು ಕಂಪನಿಯಲ್ಲಿದೆ, ಎಮಿರೇಟ್ಸ್‌ನಲ್ಲಿ ಅದು ಇದೆ. ಹಾಗೆ ಕೂಡಿಸಿದರೆ ಬಳಸುವಷ್ಟು ಆಗುತ್ತದೆ. ಸಿಲ್ವರ್, ಗೋಲ್ಡ್ ಅಂತ ಮೇಲಿನ ದರ್ಜೆಗಳ ಆಸೆ ಮಾತ್ರ ಬೇಡ. ಅವು ತಿಂಗಳು ತಿಂಗಳು ಹಾರುವ ಕಂಪನಿ ನೌಕರರಿಗೆ ಮಾಡಿದ್ದು.

ಕಾರ್ಡ್ ವಿಷಯ. ಪಿಂಚಣಿಯಲ್ಲಿ ತಿಂಗಳ ಖರ್ಚು 25-30 ಸಾವಿರ ಇರುವ ಮನೆಗೆ ವಾರ್ಷಿಕ ಶುಲ್ಕದ ಕಾರ್ಡ್ ಲಾಭ ಇಲ್ಲ ಅಂತ ನನ್ನ ಅನಿಸಿಕೆ.

ಜೇವರ್ಗಿ_ಕಾಲೊನಿ

ಕಾರ್ಡ್ ಬಗ್ಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ ಅಣ್ಣ. ನಮ್ಮ ತಂದೆಗೆ ಠೇವಣಿ ಮೇಲೆ ಶುಲ್ಕ ಇಲ್ಲದ ಕಾರ್ಡ್ ಮಾಡಿಸಿದೆವು, ಆದಾಯದ ಕಾಗದ ಕೇಳಲಿಲ್ಲ. ಎರಡು ಅಂತರರಾಷ್ಟ್ರೀಯ ಟಿಕೆಟ್ ಅದರಲ್ಲೇ ತೆಗೆದೆವು. ಆ ಒಂದೇ ಖರ್ಚಿಗೆ ಬಂದ ಪಾಯಿಂಟಿನಲ್ಲಿ ಹೈದರಾಬಾದ್-ದಿಲ್ಲಿ ಒಂದು ಟಿಕೆಟ್ ಬಂತು. ಬಿಲ್ ಬಂದ ದಿನವೇ ಪೂರ್ತಿ ಕಟ್ಟುವ ಶಿಸ್ತು ಇರಬೇಕು ಅಷ್ಟೇ. ಒಂದು ತಿಂಗಳು ತಪ್ಪಿದರೂ ಬಡ್ಡಿಯಲ್ಲಿ ಎಲ್ಲ ಹೋಗುತ್ತದೆ. ತಂದೆಗೆ ಮೊಬೈಲಿನಲ್ಲಿ ಕಟ್ಟುವುದು ಕಷ್ಟ, ಅದಕ್ಕೆ ಖಾತೆಯಿಂದ ತಾನಾಗಿ ಕಟ್ ಆಗುವಂತೆ ಮಾಡಿಸಿದ್ದೇನೆ.

ಅಪ್ಪನಕೆರೆ_ಮೇಷ್ಟ್ರು (ಕಲಬುರಗಿ)

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ನನ್ನ ಒಂದು ಖಾತೆಯಲ್ಲಿ 6,000 ಪಾಯಿಂಟ್ ಇದೆ. ಅಷ್ಟಕ್ಕೆ ಸಿಗುವ ದಿಲ್ಲಿ ಟಿಕೆಟ್ ದುಡ್ಡಿಗೆ 5,400 ರೂಪಾಯಿ, ಪಾಯಿಂಟ್ ಕೊಟ್ಟರೂ 1,200 ಕಟ್ಟಬೇಕು. ಅಂದರೆ 4,200 ಭಾಗಿಸು 6,000, ಪಾಯಿಂಟಿಗೆ 70 ಪೈಸೆ. ಇದೇ ಪಾಯಿಂಟ್ ಆಗಲಿ ಅಂತ ಹೋದ ಸಲ ಇಬ್ಬರಿಗೂ ತಲಾ 3,000 ಜಾಸ್ತಿ ಕೊಟ್ಟು ಅದೇ ಕಂಪನಿ ತೊಗೊಂಡಿದ್ದೆ. ಆರು ಸಾವಿರ ಕೊಟ್ಟು ನಾಲ್ಕು ಸಾವಿರದ ಇನ್ನೂರು ಕೂಡಿಸಿದ ಹಾಗೆ ಆಯಿತು. ಇನ್ನು ಮುಂದೆ ಪಾಯಿಂಟಿಗಾಗಿ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ತಾನಾಗಿ ಬಂದರೆ ಬರಲಿ.

ಮನೆಯವರಿಗೆ ಗುರುಮಠಕಲ್ ಅಕ್ಕಾರು ಬರೆದದ್ದನ್ನು ಓದಿ ಹೇಳಿದೆ. ವೀಲ್‌ಚೇರ್ ಬೇಡ, ಜನ ಏನು ಅಂದುಕೊಳ್ಳುತ್ತಾರೆ ಅಂತ ಇಷ್ಟು ದಿನ ಹಟ ಹಿಡಿದಿದ್ದವರು ಈಗ ಒಪ್ಪಿದ್ದಾರೆ. ನನಗೆ ಈ ಚರ್ಚೆಯಿಂದ ಸಿಕ್ಕ ದೊಡ್ಡ ಲಾಭ ಅದೇ. ಮಗನ ಮನೆಯಲ್ಲಿ ಒಂದು ವಾರ ಇದ್ದು ದಿಲ್ಲಿಯಿಂದ ನೇರ ಹೋಗುವುದು ಅಂತ ತೀರ್ಮಾನ. ಏರ್ ಇಂಡಿಯಾದ ಒಂದೇ ಖಾತೆ ಇಟ್ಟುಕೊಳ್ಳುತ್ತೇನೆ.

ಹೆಸರಿನ ವಿಷಯ ನೋಡಿದೆ. ನನ್ನದು ಸರಿ ಇದೆ, ಮನೆಯವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಈಗಿರುವ ವೀಸಾ ಅದೇ ಹೆಸರಿನಲ್ಲಿದೆ. ಈಗ ಪಾಸ್‌ಪೋರ್ಟ್ ಬದಲಿಸಿದರೆ ತೊಡಕಾಗುತ್ತದಾ?

ಸೂಪರ್‌ಮಾರ್ಕೆಟ್_ಟಿಕೆಟ್ (ಕಲಬುರಗಿ)

ಈಗ ಮುಟ್ಟಬೇಡಿ ಸರ್. ಪ್ರಯಾಣ ಹತ್ತಿರ ಇದೆ, ಪಾಸ್‌ಪೋರ್ಟ್ ಮತ್ತು ವೀಸಾ ಎರಡರಲ್ಲೂ ಇರುವ ಹೆಸರಿಗೆ ಟಿಕೆಟ್ ಹೊಂದಿದರೆ ಸಾಕು. ಅವರ ಸದಸ್ಯತ್ವದಲ್ಲಿ ಹೆಸರು ಟಿಕೆಟ್‌ನಲ್ಲಿ ಹೇಗೆ ಬರುತ್ತದೋ ಹಾಗೇ ಇರಲಿ. ಟಿಕೆಟ್ ಮಾಡುವ ದಿನ ಇಬ್ಬರ ಪಾಸ್‌ಪೋರ್ಟೂ ತೊಗೊಂಡು ಬನ್ನಿ, ಫೋನಿನಲ್ಲಿ ಹೆಸರು ಹೇಳಿ ಮಾಡಿಸುವುದು ಬೇಡ. ಸೀಟು, ವೀಲ್‌ಚೇರ್, ಊಟ ಮೂರನ್ನೂ ಅವತ್ತೇ ಹಾಕಿ ಕೊಡುತ್ತೇನೆ.